ಕೋಟಿನ ತೋಳಿಗೆ ಬಿದ್ದ ರಫು

ನಮ್ಮ ಅತ್ತಿಗೆಯ ವಿಷಯ ಎತ್ತಿದರೆ ನನ್ನ ಬಾಯಿಗೆ ಬ್ರೇಕೇ ಇರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ರಫು ಹಾಕುವುದು ಅವರ ಕಸುಬು. ಇಲಿ ಕಡಿದ ಶಾಲು, ಮೊಳೆಗೆ ಸಿಕ್ಕಿ ಹರಿದ ಪ್ಯಾಂಟು, ಏನೇ ತಂದುಕೊಡಿ. ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಕಿತ್ತು, ತೂತಿನ ಮೇಲೆ ಒಂದೊಂದೇ ಎಳೆಯಾಗಿ ನೇಯ್ದುಬಿಡುತ್ತಾರೆ. ಆಮೇಲೆ ನೀವು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಿದರೂ ತೂತು ಸಿಗುವುದಿಲ್ಲ. ಅದಕ್ಕೇ ಬಟ್ಟೆ ಕೊಡುವಾಗ ಗಿರಾಕಿಯ ಬೆರಳು ಹಿಡಿದು, "ಹಾಕಿರೋದು ಇಲ್ಲಿ, ಜೋರಾಗಿ ಎಳೀಬೇಡಿ" ಎಂದು ಮುಟ್ಟಿಸಿಯೇ ಕಳಿಸುತ್ತಾರೆ.

ಅವರ ಮಗಳು ಚೂಟಿಗೆ ಅಮ್ಮನ ಸೂಜಿಯ ಮೇಲೆ ಕಣ್ಣು. ಆದರೆ ಗಿರಾಕಿಗಳ ಬಟ್ಟೆ ಮುಟ್ಟುವ ಹಾಗಿಲ್ಲ, ಚಿಂದಿಯ ಮೇಲಷ್ಟೇ ಅಭ್ಯಾಸ. ಈ ಕಟ್ಟಳೆಯ ಬಗ್ಗೆ ಮನೆಯಲ್ಲಿ ದಿನಾ ಒಂದು ಜಗಳ ಗ್ಯಾರಂಟಿ.

ಮೊನ್ನೆ ಸಂಗೀತದ ಟೀಚರೊಬ್ಬರು ತೀರಿಹೋದ ತಂದೆಯ ಉಣ್ಣೆ ಕೋಟು ತಂದುಕೊಟ್ಟಿದ್ದರು. ಸಡಿಲವಾದ ಗುಂಡಿಗಳನ್ನು ಬಿಗಿ ಮಾಡಿದರೆ ಸಾಕಿತ್ತು. ಕೊಡಬೇಕಾದ ದಿನ ಬೆಳಿಗ್ಗೆ ಕೋಟನ್ನು ಮಡಚುತ್ತಿದ್ದ ಅತ್ತಿಗೆ ತಟ್ಟನೆ ನಿಂತರು. ಒಳಮಡಿಕೆಯಲ್ಲಿ ಎಳೆ ಕಿತ್ತ ಗುರುತಿತ್ತು. ಅವರು ಕಿತ್ತಿರಲಿಲ್ಲ. ತೋಳನ್ನು ಕಿಟಕಿಯ ಬೆಳಕಿಗೆ ಹಿಡಿದರು, ಉಗುರಿನಿಂದ ಸವರಿದರು, ಕೊನೆಗೆ ಮೂಸಿ ನೋಡಿದರು.

"ಚೂಟಿ ಇಸ್ತ್ರಿ ಮಾಡಕ್ಕೆ ಹೋಗಿ ಸುಟ್ಟಿದಾಳೆ ಕಣೇ. ಸುಟ್ಟು ರಫು ಹಾಕಿದಾಳೆ. ನೋಡು, ಹೇಗೆ ಹಾಕಿದಾಳೆ ನೋಡು!"

ಅವರ ಮುಖ ಊರಗಲವಾಗಿತ್ತು. ನನಗೂ ರೋಮಾಂಚನ, ಏಕೆಂದರೆ ಅಷ್ಟು ನಯವಾದ ಕೆಲಸ ಅದು. ಮರುಕ್ಷಣವೇ ಅತ್ತಿಗೆಯ ಮುಖ ಇಳಿದುಹೋಯಿತು.

"ನಂಗೆ ಹೇಳಲೇ ಇಲ್ವಲ್ಲ ಇವಳು. ಮುಚ್ಚಿಡಕ್ಕೆ ನನ್ನ ವಿದ್ಯೆನೇ ಬೇಕಾಯ್ತಾ?"

"ಕರೆದು ಎರಡು ಬಿಡಿ ಅತ್ತಿಗೆ" ಅಂದೆ. ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ.

"ಬೇಡ. ಗದರಿಸಿದ್ರೆ ಹೇಳ್ತಾಳೆ, ಆದ್ರೆ ನನ್ನ ಹೆದರಿಕೆಗೆ ಹೇಳ್ತಾಳೆ. ಟೀಚರ್ ಬಾಗಿಲು ದಾಟೋವರೆಗೂ ಕಾಯೋಣ. ಅವಳು ಬಾಯಿ ಬಿಡದಿದ್ರೆ ನಾನೇ ಹೇಳ್ತೀನಿ."

ಸಂಜೆ ಟೀಚರ್ ಬಂದಾಗ ಅತ್ತಿಗೆ, "ಕೋಟು ನೀನೇ ಕೊಡು, ನಂಗೆ ಒಳಗೆ ಕೆಲಸ ಇದೆ" ಎಂದು ಮಗಳಿಗೆ ಹೇಳಿ ಒಳಗೆ ಬಂದರು. ಕೆಲಸವೂ ಇಲ್ಲ, ಮಣ್ಣೂ ಇಲ್ಲ. ನಾವಿಬ್ಬರೂ ಪರದೆಯ ಹಿಂದೆ ಉಸಿರು ಬಿಗಿಹಿಡಿದು ನಿಂತೆವು. ಟೀಚರ್ ಕೋಟು ಹಾಕಿಕೊಂಡು ಕನ್ನಡಿ ನೋಡಿದರು, ನಕ್ಕರು, ಹೊರಟೇಬಿಟ್ಟರು. ಅತ್ತಿಗೆಯ ಉಗುರು ನನ್ನ ಮಣಿಕಟ್ಟಿಗೆ ಇಳಿಯಿತು.

"ಮೇಡಂ, ಒಂದ್ನಿಮಿಷ."

ಚೂಟಿ ಓಡಿಹೋಗಿ ಅವರ ಬೆರಳು ಹಿಡಿದು ತೋಳಿನ ಮೇಲೆ ಇಟ್ಟಳು. "ಇಲ್ಲಿ ಸುಟ್ಟಿತ್ತು. ನಾನೇ ಸುಟ್ಟಿದ್ದು. ಅಮ್ಮಂಗೆ ಗೊತ್ತಿಲ್ಲ."

"ಏನಮ್ಮ, ತಮಾಷೆನಾ? ಎಲ್ಲಿ ಸುಟ್ಟಿದೆ?"

ನೋಡಿ ಫಜೀತಿ. ಟೀಚರಿಗೆ ಏನೂ ಕಾಣಿಸುತ್ತಿಲ್ಲ. ಹುಡುಗಿ ಆಗಲೂ ನಕ್ಕು ಜಾರಿಕೊಳ್ಳಬಹುದಿತ್ತು. ಅವಳು ತೋಳಿನ ತುದಿಯನ್ನು ಒಳಮಗ್ಗುಲು ತಿರುಗಿಸಿ, ಬೆಳಕಿಗೆ ಹಿಡಿದು ತೋರಿಸಿದಳು. ಟೀಚರ ಮುಖ ಕೆಂಪಾಯಿತು.

"ಇದು ನಮ್ಮಪ್ಪನ ಕೋಟು. ನಿಮ್ಮನ್ನ ನಂಬಿ ಕೊಟ್ಟಿದ್ದೆ."

ಅತ್ತಿಗೆ ಹೊರಗೆ ಬಂದು ಕೈಮುಗಿದು ಕ್ಷಮೆ ಕೇಳಿದರೂ ಅವರು ನಿಲ್ಲಲಿಲ್ಲ. ಬಾಗಿಲು ಧಡ್ ಎಂದಿತು. ಅತ್ತಿಗೆ ಮಗಳನ್ನು ಬಾಚಿ ತಬ್ಬಿಕೊಂಡು ಸುತ್ತಿಸಿದ್ದೇ ಸುತ್ತಿಸಿದ್ದು. ಗಿರಾಕಿಯನ್ನು ಕಳೆದುಕೊಂಡು ಕುಣಿಯುವ ಹೆಂಗಸನ್ನು ನಾನು ನೋಡಿದ್ದು ಅದೇ ಮೊದಲು. ನಾನೂ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಚೂಟಿ ಮಾತ್ರ ಬಿಕ್ಕುತ್ತಲೇ ಇದ್ದಳು. ಅತ್ತಿಗೆ ಕಪಾಟಿನಿಂದ ಒಂದು ಶಾಲು ತೆಗೆದು ಅವಳ ಮಡಿಲಿಗೆ ಹಾಕಿದರು.

"ಅಂಚು ಹರಿದಿದೆ. ರಫು ಹಾಕು."

"ಇದು ಗಿರಾಕಿದು, ಅಮ್ಮ."

"ಹೌದು, ಗೊತ್ತು."

"ಮತ್ತೆ ಕೆಡಿಸಿಬಿಟ್ರೆ?"

"ಬಂದು ಹೇಳ್ತೀಯಲ್ಲ" ಎಂದು ಅತ್ತಿಗೆ ಸೂಜಿಗೆ ನೂಲು ಪೋಣಿಸಿ ಅವಳ ಕೈಗೆ ಕೊಟ್ಟರು.