ನಳಿಕೆಗೊಂದು ಸುತ್ತು ಸಡಿಲ

ಬಾಗಿಲ ಹಿಡಿಕೆಗಳಿಗೂ ನನಗೂ ಆಗಿಬರುವುದಿಲ್ಲ. ಡ್ರಾಯರಿನ ಹಿಡಿ, ಮಂಚದ ಮೂಲೆ, ಬಸ್ಸಿನ ಸೀಟಿನ ಕಂಬಿ, ಎಲ್ಲವೂ ನನ್ನನ್ನು ಕಂಡರೆ ಕೈ ಚಾಚಿ ನಿಲ್ಲುತ್ತವೆ. ನನ್ನ ಸೊಂಟದಲ್ಲಿ ಒಂದು ಇನ್ಸುಲಿನ್ ಪಂಪು ಇದೆ. ಅದರಿಂದ ಹೊರಟ ತೆಳ್ಳನೆಯ ನಳಿಕೆ, ಹೊಟ್ಟೆಗೆ ಅಂಟಿಸಿದ ಪಟ್ಟಿಯೊಳಗೆ ಹೊಕ್ಕು ಹಗಲಿರುಳೂ ಔಷಧ ಊಡುತ್ತದೆ. ನಳಿಕೆ ಎಲ್ಲಾದರೂ ಸಿಕ್ಕಿ ಜಗ್ಗಿದರೆ ಪಟ್ಟಿ ಸಮೇತ ಕಿತ್ತು ಬರುತ್ತದೆ. ಕಿತ್ತದ್ದು ನನಗೆ ಗೊತ್ತಾಗದಿದ್ದರೆ ಕೆಲವೇ ತಾಸಿನಲ್ಲಿ ಆಸ್ಪತ್ರೆಯ ದಾರಿ.

ಆದ್ದರಿಂದ ಅದನ್ನು ಭದ್ರಪಡಿಸಬೇಕು. ನಾನು ಸೋಲಾಪುರದ ಸೀರೆ ಅಂಗಡಿಯ ಮನೆಯವಳು, ಪಾರ್ಸಲ್ ಕಟ್ಟಿ ಪಳಗಿದ ಕೈ. ಮೊದಲ ದಿನ ನಳಿಕೆಯನ್ನು ಬಿಗಿಯಾಗಿ ಎಳೆದು ಉದ್ದಕ್ಕೂ ಟೇಪು ಬಡಿದೆ. ಕಸ ಗುಡಿಸಲು ಬಗ್ಗಿದ್ದೇ ತಡ, ಪಾರ್ಸಲ್ ಬಿಚ್ಚಿಕೊಂಡಿತು. ಆಮೇಲೆ ನರ್ಸಮ್ಮ ಹೇಳಿಕೊಟ್ಟರು: ಪಟ್ಟಿಯ ಪಕ್ಕದಲ್ಲಿ ನಳಿಕೆಗೆ ಒಂದು ಸುತ್ತು ಸಡಿಲ ಬಿಟ್ಟು, ಆ ಸುತ್ತಿನ ಮೇಲೆ ಟೇಪು ಹಾಕಬೇಕು. ಜಗ್ಗಿದ ಪೆಟ್ಟು ಟೇಪಿಗೆ ಬೀಳುತ್ತದೆ, ಒಳಗಿನ ತುದಿ ಬದುಕುತ್ತದೆ. ಪಂಪಿಗೆ ಲಂಗದಲ್ಲೇ ಒಂದು ಜೇಬು ಹೊಲಿದುಕೊಂಡೆ. ಸೀರೆಗೆ ಜೇಬಿಲ್ಲದ್ದರಿಂದ ನಮ್ಮ ಹೆಂಗಸರ ಸೊಂಟ ಹಿಂದಿನಿಂದಲೂ ಒಂದು ಕಪಾಟೇ. ಬೀಗದ ಕೈ, ಎಲೆಅಡಿಕೆಯ ಚಂಚಿ, ನಶ್ಯದ ಡಬ್ಬಿ ಎಲ್ಲ ಇದ್ದ ಜಾಗದಲ್ಲಿ ಈಗ ಪಂಪು ಕೂತಿದೆ, ಅಷ್ಟೆ.

ಹಿಡಿಕೆಗಳಿಂದ ಹೇಗೋ ಪಾರಾಗಬಹುದು, ನಮ್ಮ ಮನೆತನದಿಂದ ಪಾರಾಗುವುದು ಕಷ್ಟ. ತಲೆಮಾರುಗಳಿಂದ ಬಟ್ಟೆ ಮಾರಿದವರು ನಾವು. ಎಲ್ಲಿ ಬಿಡಿ ದಾರ ಕಂಡರೂ ಕೈ ಸುಮ್ಮನಿರದು. ಗಿರಾಕಿ ನೋಡುವ ಮೊದಲೇ ಕಿತ್ತೊಗೆಯಬೇಕು. ನನ್ನ ಯಜಮಾನರು ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತನ ಕಾಲರಿನ ದಾರ ಕಿತ್ತು, ಅವನು ತಿರುಗಿ ಗುರಾಯಿಸಿದಾಗ, ‘ಹೊಲಿಗಿ ಛಲೋ ಇಲ್ರಿ’ ಎಂದು ಸಮಾಧಾನ ಹೇಳಿದವರು.

ಅಕ್ಕಲಕೋಟೆಯಲ್ಲಿರುವ ದೊಡ್ಡತ್ತೆ, ಎಂದರೆ ನನ್ನ ಮಾವನವರ ಅಣ್ಣನ ಹೆಂಡತಿ, ಈ ಚಟದಲ್ಲಿ ಎಲ್ಲರಿಗೂ ಹಿರಿಯರು. ಅವರಿಗೆ ನಾನು ಪಂಪಿನ ವಿಷಯ ಹೇಳಿರಲಿಲ್ಲ. ಅದಕ್ಕೆ ಕಾರಣ ಒಂದು ಕುರ್ಚಿ. ನನಗೆ ಸಕ್ಕರೆ ಕಾಯಿಲೆಯೆಂದು ತಿಳಿದಂದಿನಿಂದ ಆ ಮನೆಗೆ ಕಾಲಿಟ್ಟರೆ ಸಾಕು, ‘ಪಾಪ, ಬ್ಯಾನಿ ಅದ, ಕೂಡ್ಲಿ ಬಿಡ್ರಿ’ ಎಂದು ಪಡಸಾಲೆಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಿದ್ದರು. ಒಳಗೆ ಹೆಂಗಸರೆಲ್ಲ ಹೋಳಿಗೆ ಲಟ್ಟಿಸುತ್ತ, ಊರಿನ ಸುದ್ದಿಯನ್ನೂ ಲಟ್ಟಿಸುತ್ತ ನಗುವಾಗ ನಾನು ಹೊರಗೆ ಗಂಡಸರ ಜೊತೆ ಟಿವಿಯ ಮುಂದೆ. ಪ್ರೀತಿಯಿಂದಲೇ ಹಾಕಿದ ಕುರ್ಚಿ, ಆದರೂ ಅಳು ಬರುತ್ತಿತ್ತು. ಇನ್ನು ಸೊಂಟದಲ್ಲಿ ಯಂತ್ರ ಕಂಡರೆ ಕುರ್ಚಿ ಹೋಗಿ ಹಾಸಿಗೆಯೇ ಬಂದೀತು ಎಂದು ಬಾಯಿ ಮುಚ್ಚಿಕೊಂಡಿದ್ದೆ.

ಈಚೆಗೆ ಅವರ ಮೊಮ್ಮಗಳ ಸಾಕರಪುಡಾ. ನಿಶ್ಚಿತಾರ್ಥಕ್ಕೆ ನಮ್ಮ ಕಡೆ ಇರುವ ಹೆಸರಿನಲ್ಲೇ ಸಕ್ಕರೆ ಇದೆ, ನೋಡಿ. ಹಿಂದಿನ ದಿನ ಮುತ್ತೈದೆಯರಿಗೆ ಉಡಿ ತುಂಬುತ್ತಿದ್ದರು. ನಾನು ಸೆರಗೊಡ್ಡಿ ನಿಂತೆ. ದೊಡ್ಡತ್ತೆ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿದರು. ನನ್ನೆರಡೂ ಕೈ ತುಂಬಿದ್ದವು. ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಲು ತಾವೇ ಕೈ ಹಾಕಿದವರ ಕಣ್ಣಿಗೆ ನಳಿಕೆ ಬಿತ್ತು.

‘ಯವ್ವಾ, ಎಷ್ಟುದ್ದ ದಾರ ಜೋತಾಡಾಕತ್ತದ! ನಮ್ಮ ಅಂಗಡಿ ಮಾಲೇನ ಇದು?’

ನಾನು ಬಾಯಿ ತೆರೆಯುವಷ್ಟರಲ್ಲಿ ಬೆರಳಿಗೆ ಸುತ್ತಿ ಎಳೆದೇಬಿಟ್ಟರು. ಟೇಪು ತನ್ನ ಕೈಲಾದಷ್ಟು ತಡೆಯಿತು. ಆದರೆ ಬಾಗಿಲ ಹಿಡಿಕೆ ಒಮ್ಮೆ ಜಗ್ಗಿ ಬಿಟ್ಟುಬಿಡುತ್ತದೆ, ದೊಡ್ಡತ್ತೆ ಬಿಡುವವರಲ್ಲ. ಹೊಟ್ಟೆಯ ಮೇಲೆ ಚುರ್ರೆಂದಿತು, ಪಟ್ಟಿ ಅವರ ಕೈಗೆ ಬಂತು.

‘ಅತ್ತಿ, ಅದು ದಾರ ಅಲ್ರಿ. ಔಷಧದ ನಳಿ ರೀ.’

ಅವರ ಮುಖದ ಬಣ್ಣವೇ ಇಳಿಯಿತು. ನಾನು ಒಳಕೋಣೆಗೆ ಹೋಗಿ, ಚೀಲದಲ್ಲಿ ಸದಾ ಇರುವ ನಳಿಕೆ-ಪಟ್ಟಿಯ ಇನ್ನೊಂದು ಸೆಟ್ಟು ತೆಗೆದು ಚುಚ್ಚಿಕೊಂಡೆ. ದೊಡ್ಡತ್ತೆ ಹಿಂದೆಯೇ ಬಂದು ಬಾಗಿಲಿಗೆ ಆನಿಕೊಂಡು ಎಲ್ಲವನ್ನೂ ನೋಡಿದರು.

‘ಸುತ್ತ ಯಾಕ ಹಾಕ್ತೀ? ಜಗ್ಗಿ ಕಟ್ಟಬಾರ್ದೇನ?’

‘ಜಗ್ಗಿ ಕಟ್ಟಿದ್ರ ಕಿತ್ತು ಬರ್ತದ್ರಿ. ಸ್ವಲ್ಪ ಸಡಿಲ ಇದ್ರ ನಾ ಎಲ್ಲಾ ಕೆಲಸ ಮಾಡಬಹುದ್ರಿ.’

ಹೊರಗೆ ಬಂದರೆ ನನಗಿಂತ ಮೊದಲೇ ಕುರ್ಚಿ ಬಂದಿತ್ತು. ಅವರ ಸೊಸೆ ತಂದು ಹಾಕಿ, ‘ವಹಿನೀ, ಬಸಾ ನಾ’ ಎಂದು ಮರಾಠಿಯಲ್ಲಿ ಕೂರಲು ಉಪಚರಿಸಿದಳು. ಅಷ್ಟರಲ್ಲಿ ದೊಡ್ಡತ್ತೆ ಮುಂದೆ ಬಂದು ಆ ಕುರ್ಚಿಯಲ್ಲಿ ತಾವೇ ಧೊಪ್ಪೆಂದು ಕೂತರು.

‘ನನಗ ಕೈಕಾಲು ನಡಗಾಕತ್ತಾವ, ನಾ ಕೂಡ್ತೀನಿ. ನೀ ಒಳಗ ಹೋಗಿ ಹೋಳಿಗಿ ಲಟ್ಟಸು. ಹೂರ್ಣ ಆರಾಕತ್ತದ.’

ಅಷ್ಟು ಸಂತೋಷದಿಂದ ನಾನು ಯಾರ ಅಪ್ಪಣೆಯನ್ನೂ ಪಾಲಿಸಿದ್ದಿಲ್ಲ. ಬೆನ್ನು ಬಿದ್ದುಹೋಗುವಷ್ಟು ಲಟ್ಟಿಸಿದೆ. ನಳಿಕೆಗೆ ಬಿಟ್ಟ ಒಂದು ಸುತ್ತಿನ ಸಡಿಲವನ್ನು ದೊಡ್ಡತ್ತೆ ನನಗೂ ಬಿಟ್ಟಿದ್ದರು.

ಸಾಕರಪುಡಾ ಮುಗಿಸಿ ಹೊರಟಾಗ ಮತ್ತೆ ಉಡಿ ತುಂಬಿದರು. ಸೆರಗಿನಂಚಿನಿಂದ ಒಂದು ಎಳೆ ಜೋಲುತ್ತಿತ್ತು. ದೊಡ್ಡತ್ತೆಯ ಕೈ ಹಾವಿನಂತೆ ಮುಂದೆ ಬಂತು, ನಡುವೆಯೇ ನಿಂತಿತು.

‘ಇದು ನಿಂದೇನ, ಸೀರೀದೇನ?’

‘ಸೀರೀದ್ರಿ’ ಎಂದೆ.

ಆಗ ನೆಮ್ಮದಿಯಿಂದ ಕಿತ್ತರು.