ಕಣ್ಣಿಲ್ಲದ ಗಡ್ಡೆ

ಏಕಾದಶಿ ಮಧ್ಯಾಹ್ನ, ದೆಹಲಿಯ ಆರ್.ಕೆ.ಪುರಂ ಬಸ್ ನಿಲ್ದಾಣ. ಹೊಸ ನೌಕರಿಗೆ ನನ್ನ ಸರ್ಟಿಫಿಕೇಟು ತೋರಿಸಲು ಅವ್ವನೊಂದಿಗೆ ಬಂದಿದ್ದೆ. ಅದನ್ನು ಅವ್ವನೇ ಕಂಕುಳಲ್ಲಿ ಅವುಚಿ ಹಿಡಿದಿದ್ದಳು. ಉಪವಾಸದ ಅವ್ವನಿಗೆ ತಲೆ ಸುತ್ತುತ್ತಿತ್ತು. ನಮ್ಮಲ್ಲಿ ಉಪವಾಸಕ್ಕೆ ಗೆಣಸು ನಡೆಯುತ್ತದೆ; ಆಲೂಗಡ್ಡೆ, ಸುವರ್ಣಗಡ್ಡೆ ನಡೆಯುವುದಿಲ್ಲ. ನಿಲ್ದಾಣದ ಪಕ್ಕ ತಳ್ಳುಗಾಡಿಯವನೊಬ್ಬ ಕೆಂಡದಲ್ಲಿ ಸುಟ್ಟ ಗಡ್ಡೆ ಸುಲಿಯುತ್ತಿದ್ದ. ಬಿಳಿ ತಿರುಳು ನೋಡಿ, "ಆಲೂಗಡ್ಡೆ ಇರಬೇಕು, ಬೇಡ" ಎಂದೆ.

ಅವ್ವ ಬುಟ್ಟಿಯಿಂದ ಒಂದನ್ನು ಎತ್ತಿ ತಿರುಗಿಸಿದಳು. "ಮೊಳಕೆ ಬರೋ ಕಣ್ಣೆಲ್ಲಿದೆ? ಕಣ್ಣಿದ್ದರೆ ಆಲೂಗಡ್ಡೆ. ಇದು ಬಳ್ಳಿಯ ಬೇರು, ಗೆಣಸು. ಸುವರ್ಣಗಡ್ಡೆಯಾಗಿದ್ದರೆ ಸುಲಿಯೋ ಈ ಗಾಡಿಯವನು ಇಷ್ಟೊತ್ತಿಗೆ ಕೈ ಕೆರ್ಕೊಳ್ತಿದ್ದ."

ನಮ್ಮ ಮನೆಯ ಮೊದಲ ಪದವೀಧರೆ ನಾನು, ಓದಿದ್ದು ಸಸ್ಯಶಾಸ್ತ್ರ. ಇದನ್ನೇ ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೆ. ಎದುರಿಗೆ ಬಂದಾಗ ಗುರುತು ಸಿಗಲಿಲ್ಲ.

ಅವ್ವ ಕೈಮುಗಿದು ತಿಂದಳು. ಆಮೇಲೆ ಬೂದಿ ಮೆತ್ತಿದ ಬೆರಳು ನೋಡಿಕೊಂಡು, "ಸರ್ಟಿಫಿಕೇಟು ನೀನೇ ಹಿಡ್ಕೊ" ಎಂದಳು.