ಯುಗಾದಿಗೆ ಮುಂಚಿನ ಬ್ಯಾಕಪ್

ಭವಾನಿ ಏಳನೇ ಕ್ಲಾಸಿನಲ್ಲಿದ್ದಾಗ ಅವಳ ಅಪ್ಪನ ಮುಂದಿನ ಹಲ್ಲುಗಳು ಹೋದವು. ಹೊಳಗುಂದದ ಆಚೆ, ಜೋಳ ಕೊಯ್ದ ಹೊಲದಲ್ಲಿ ಎರಡು ಮಂದೆಗಳು ಬೆರೆತುಹೋಗಿದ್ದವು. ಒಂದು ಕರಿ ಕುರಿ ತನ್ನದೆಂದು ಅಪ್ಪ, ತನ್ನದೆಂದು ಇನ್ನೊಬ್ಬ. ಮಾತು ಮುಗಿಯುವ ಮೊದಲೇ ಕೋಲು ಬೀಸಿ ಬಂತು. ಅಪ್ಪ ಬಾಯಿಗೆ ಕಂಬಳಿ ಒತ್ತಿಕೊಂಡು ಮನೆಗೆ ಬಂದ. ಅವ್ವ ಕಂಬಳಿ ಬಿಡಿಸಿದಾಗ ಉಣ್ಣೆಗೆ ಹಲ್ಲಿನ ಚೂರು ಅಂಟಿಕೊಂಡಿತ್ತು. ಮಾರನೇ ದಿನ ಚಿಕ್ಕಪ್ಪಂದಿರು ಹೋಗಿ ಆ ಇನ್ನೊಬ್ಬನ ಮೊಣಕಾಲು ಮುರಿದು ಬಂದರು. ಕರಿ ಕುರಿ ಯಾರದೆಂದು ಕೊನೆಗೂ ತೀರ್ಮಾನವಾಗಲಿಲ್ಲ.

ಅದಕ್ಕೇ ಇರಬೇಕು, ಆದೋನಿಯಲ್ಲಿ ಡಿಗ್ರಿ ಮುಗಿಸಿದ ಮೇಲೆ ಕುರಿ ಸಾಕುವವರ ಸಂಘದಲ್ಲಿ ಕಂಪ್ಯೂಟರ್ ಕೆಲಸ ಸಿಕ್ಕಾಗ ಆಕೆ ಹಿಗ್ಗಿದಳು. ವಿಮೆ ಮಾಡಿದ ಪ್ರತಿ ಕುರಿಯ ಕಿವಿಗೆ ಸಂಘದವರು ನಂಬರಿನ ಹಳದಿ ಬಿಲ್ಲೆ ಹಾಕುತ್ತಿದ್ದರು. ಆ ನಂಬರು, ಯಜಮಾನನ ಹೆಸರು, ಊರು, ಚುಚ್ಚುಮದ್ದು, ಮಾರಿದ್ದರೆ ಯಾರಿಗೆ ಮಾರಿದ್ದು, ಎಲ್ಲ ಕಂಪ್ಯೂಟರಿನ ಟೇಬಲ್‌ಗಳಲ್ಲಿ ಸಾಲುಸಾಲಾಗಿ ಕೂರುತ್ತಿತ್ತು. ಕಚೇರಿಗೆ ಬಂದ ಕುರಿಗಾರರಿಗೆ ಆಕೆ ಹೇಳುತ್ತಿದ್ದಳು: "ಇನ್ನ ಮ್ಯಾಲೆ ಕೋಲು ಬ್ಯಾಡ್ರೀ ಎಪ್ಪಾ. ಬಿಲ್ಲೆ ನಂಬರ್ ಹೇಳ್ರಿ, ಯಾರದು ಅಂತ ನಾನು ಹೇಳ್ತೀನಿ." ಅವರು ನಗುತ್ತಿದ್ದರು. ಆದರೆ ಜಗಳವಾದಾಗ ಅವಳ ಬಳಿಗೇ ಬರತೊಡಗಿದರು.

ಪ್ರತಿ ಶನಿವಾರ ಆಕೆ ಟೇಬಲ್‌ಗಳನ್ನೆಲ್ಲ ಒಂದು ಸಣ್ಣ ಡಿಸ್ಕಿಗೆ ಬ್ಯಾಕಪ್ ತೆಗೆದು, ಊಟದ ಚೀಲದಲ್ಲಿಟ್ಟು ಮನೆಗೆ ಒಯ್ಯುತ್ತಿದ್ದಳು. ಆ ವರ್ಷ ಯುಗಾದಿ ಹೊತ್ತಿಗೆ ಡಿಸ್ಕು ತುಂಬಿತು. ಹೊಸದು ಕೇಳಿದರೆ ಸಂಘದ ಕಾರ್ಯದರ್ಶಿ ಚಂದ್ರಣ್ಣ, "ಮುಂದಿನ ಮೀಟಿಂಗ್‌ನಾಗ ನೋಡೋಣ ತಗೋ" ಎಂದ. ಹಳೆಯದನ್ನು ಅಳಿಸಿ ಜಾಗ ಮಾಡಿಕೊಳ್ಳಬಹುದಿತ್ತು. ಭವಾನಿ ಮಾಡಲಿಲ್ಲ. ತಂಗಿಯ ಮದುವೆ ಬಂತು, ಬಿಸಿಲು ಬಂತು, ವಾರಗಳು ಹೋದವು.

ಆ ಬೇಸಿಗೆಯಲ್ಲಿ ಉರುಕುಂದಪ್ಪನ ಮಂದೆ, ಮಾರೆಣ್ಣನ ಮಂದೆ ಎರಡೂ ಮಾಧವರಂ ಹತ್ತಿರ ಹೊಳೆದಂಡೆಯ ಹೊಲದಲ್ಲಿ ಒಟ್ಟಿಗೆ ತಂಗಿದ್ದವು. ಯುಗಾದಿ ಕಳೆದ ಮೇಲೆ ಉರುಕುಂದಪ್ಪ ತನ್ನ ಮಂದೆಯ ಅರ್ಧದಷ್ಟು ಹೆಣ್ಣು ಕುರಿಗಳನ್ನು ಮಾರೆಣ್ಣನಿಗೆ ಮಾರಿದ್ದ. ಇಬ್ಬರೂ ಕಚೇರಿಗೆ ಬಂದು ಭವಾನಿಯ ಎದುರೇ ಬರೆಸಿಹೋಗಿದ್ದರು. ಎರಡೂ ಮಂದೆ ಕಾಯುತ್ತಿದ್ದವನು ಆಂಜನೇಯ ಎಂಬ ಆಳು.

ಒಂದು ಬೆಳಗಿನ ಜಾವ ಲಾರಿಯಲ್ಲಿ ಕಳ್ಳರು ಬಂದರು. ಎದ್ದು ಕೂಗಿದ ಆಂಜನೇಯನ ಎರಡೂ ಕಾಲುಗಳನ್ನು ಕಬ್ಬಿಣದ ರಾಡಿನಿಂದ ಮುರಿದರು. ನಾಯಿಯ ತಲೆ ಜಜ್ಜಿದರು. ಕುರಿಗಳನ್ನು ಕೊಂಬು, ಕಾಲು ಹಿಡಿದು ಲಾರಿಯ ಎರಡು ಅಟ್ಟಣಿಗೆಗಳಿಗೆ ಎಸೆದರು. ಆಂಜನೇಯ ಮೊಣಕೈಯಲ್ಲಿ ತೆವಳಿಕೊಂಡು ರಸ್ತೆಗೆ ಬಂದು ಹಾಲಿನ ವ್ಯಾನು ತಡೆದ. ಪೊಲೀಸರು ಲಾರಿಯನ್ನು ಕರ್ನಾಟಕದ ಕಡೆಯ ರಸ್ತೆಯಲ್ಲಿ ಹಿಡಿದಾಗ ಕೆಳಗಿನ ಅಟ್ಟಣಿಗೆಯ ಕುರಿಗಳು ಉಸಿರುಕಟ್ಟಿ ಸತ್ತಿದ್ದವು. ಮೇಲೆ ಒಬ್ಬ ಕುಡುಗೋಲು ಹಿಡಿದು ಬಿಲ್ಲೆಯಿದ್ದ ಕಿವಿಗಳನ್ನು ಕೊಯ್ಯುತ್ತ ಕೂತಿದ್ದ. ಕೆಲವನ್ನಷ್ಟೇ ಕೊಯ್ದಿದ್ದ. ಹಲಗೆಯ ಮೇಲೆ ರಕ್ತದಲ್ಲಿ ಕಿವಿಗಳು ಎಲೆಗಳಂತೆ ಬಿದ್ದಿದ್ದವು.

ಬದುಕಿದ ಕುರಿಗಳನ್ನು ಆದೋನಿಗೆ ತಂದು ಸಂಘದ ದೊಡ್ಡಿಗೆ ತುಂಬಿದರು. ಎಸ್ಸೈ ಕಚೇರಿಯೊಳಗೆ ಬಂದು, "ಏಮ್ಮಾ, ಯಾರವು ಯಾವು ಅಂತ ಲಿಸ್ಟ್ ತೆಗೆದುಕೊಡು. ಸದ್ಯಕ್ಕೆ ಅವರವರ ವಶಕ್ಕೆ ಕೊಟ್ಟುಬಿಡ್ತೀನಿ. ಈ ಬಿಸಿಲಲ್ಲಿ ಉಳಿದವೂ ಸಾಯ್ತಾವೆ" ಎಂದ.

ಹಿಂದಿನ ಸಂಜೆಯ ಗಾಳಿಮಳೆಗೆ ಕರೆಂಟ್ ಥಟ್ಟನೆ ಹೋಗಿ, ಭವಾನಿ ಬರೆಯುತ್ತಿದ್ದಾಗಲೇ ಕಂಪ್ಯೂಟರ್ ಆರಿತ್ತು. ಈಗ ತೆರೆದರೆ ಟೇಬಲ್ ಕೆಟ್ಟಿದೆ ಎಂದು ತೋರಿಸಿತು. ರಿಪೇರಿಗೆ ಹಾಕಿದಳು. ಅದು ಅರ್ಧಕ್ಕೆ ನಿಂತಿತು. ಮತ್ತೆ ಹಾಕಿದಳು. ಹೊರಗೆ ದೊಡ್ಡಿಯ ಸುತ್ತ ಉರುಕುಂದಪ್ಪ, ಮಾರೆಣ್ಣ ಇಬ್ಬರ ಕಡೆಯ ಜನರೂ ಸೇರುತ್ತಿದ್ದರು. ಕುರಿಗಳ ಅರಚಾಟ, ಹೆಂಗಸರ ಬೈಗುಳ ಕಿಟಕಿಯಿಂದ ನುಗ್ಗುತ್ತಿತ್ತು. ಚಂದ್ರಣ್ಣ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದ.

"ಇನ್ನ ಎಷ್ಟೊತ್ತವಾ? ಹೊರಗ ನೋಡು, ಬೆಂಕಿ ಹತ್ತೋ ಹಂಗ ಐತಿ."

"ಟೇಬಲ್ ರಿಪೇರಿ ಆಗ್ವಲ್ದಣ್ಣಾ. ಮನಿಯಾಗ ಬ್ಯಾಕಪ್ ಐತಿ. ಆದ್ರ ಅದು ಯುಗಾದಿ ಮುಂಚಿಂದು."

"ಮುಂಚಿಂದೋ ಹಿಂಚಿಂದೋ, ಅದನ್ನ ಹಾಕಿ ಪ್ರಿಂಟ್ ಕೊಡು."

"ನೋಡಿಕೊಂಡು ಕೊಡ್ಬೇಕಾಗ್ತದ."

"ಕೊಟ್ಟು ನೋಡಿಕೋ!"

ಮನೆಯಿಂದ ಡಿಸ್ಕ್ ತರಿಸಿದಳು. ಕೆಟ್ಟ ಟೇಬಲನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಹಾಕಿದ ಹಳೆಯ ಟೇಬಲ್ ಸರಾಗವಾಗಿ ಕೂತಿತು. ಪ್ರಿಂಟರಿನಿಂದ ಹಾಳೆಗಳು ಹೊರಬಂದ ಕೂಡಲೇ ಚಂದ್ರಣ್ಣ ಕಿತ್ತುಕೊಂಡು ಹೋದ. ಯುಗಾದಿಯ ನಂತರ ಕೈ ಬದಲಾದ ಕುರಿಗಳು ಯಾವುವೆಂದು ನೆನಪು ಮಾಡಿಕೊಳ್ಳುತ್ತ ಆಕೆ ಕೂತಿರುವಾಗಲೇ ಹೊರಗೆ ಹೆಸರು ಕೂಗುವುದು ಶುರುವಾಯಿತು.

ಪೇದೆ ಬಿಲ್ಲೆ ಓದಿದ. ಚಂದ್ರಣ್ಣ ಹಾಳೆ ನೋಡಿ, "ಉರುಕುಂದಪ್ಪ" ಎಂದ. ಮತ್ತೊಂದು ಬಿಲ್ಲೆ. "ಉರುಕುಂದಪ್ಪ." ಮಾರೆಣ್ಣ ಮುಂದೆ ಬಂದು, "ಏ ತಡಿ, ಇವು ನಾನು ಕೊಂಡಾವು. ಆತನ್ನೇ ಕೇಳ್ರಿ" ಎಂದ.

ಉರುಕುಂದಪ್ಪ ದೊಡ್ಡಿಯ ಬೇಲಿ ಹಿಡಿದು ನಿಂತಿದ್ದ. ಅವನಿಗೆ ಉಳಿದಿದ್ದ ಕುರಿಗಳು ಹೆಚ್ಚುಕಡಿಮೆ ಎಲ್ಲವೂ ಲಾರಿಯ ಕೆಳಗಿನ ಅಟ್ಟಣಿಗೆಯಲ್ಲಿ ಸತ್ತಿದ್ದವು. ಅವುಗಳ ಹೆಣಗಳನ್ನು ಅವನು ಬೆಳಗ್ಗೆ ತಾನೇ ಎಳೆದು ಹಾಕಿದ್ದ. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ನೆಲ ನೋಡಿದ.

ಅವನ ಮಗ ರಾಮಾಂಜಿ ಯುಗಾದಿಗೂ ಮೊದಲೇ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದವನು, ಮೊನ್ನೆಯಷ್ಟೇ ತಿರುಗಿ ಬಂದಿದ್ದ. ಮಾರಿದ ಸಂಗತಿ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದುದು ಹಾಳೆಯ ಮೇಲಿದ್ದ ಅಪ್ಪನ ಹೆಸರು ಮಾತ್ರ.

"ಸತ್ತ ಮನಿಯಾಗ ಕಳವು ಮಾಡ್ತೀಯೇನಲೇ?" ಎಂದು ಮಾರೆಣ್ಣನ ಎದೆಗೆ ಕೈಹಾಕಿ ನೂಕಿದ. ಮಾರೆಣ್ಣ ಕೋಲಿನಿಂದ ಅವನ ಕಿವಿಯ ಮೇಲೆ ಬಾರಿಸಿದ. ರಾಮಾಂಜಿ ತತ್ತರಿಸಿ ಬೇಲಿಗೆ ಬಿದ್ದ. ಅಲ್ಲಿ ಯಾರೋ ಸೊಪ್ಪು ಕಡಿಯುವ ಕೊಡಲಿ ಒರಗಿಸಿಟ್ಟಿದ್ದರು.

ಭವಾನಿ ಹೊಸ್ತಿಲು ದಾಟಿ ಓಡಿಬಂದಳು. "ಲಿಸ್ಟ್ ತಪ್ಪೈತಿ! ಕೊಡಬ್ಯಾಡ್ರಿ, ಅದು ಹಳೇದು!" ಎಂದು ಕೂಗಿದಳು. ಆ ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಆಕೆ ನಡುವೆ ನುಗ್ಗುವಷ್ಟರಲ್ಲಿ ಕೊಡಲಿ ಮಾರೆಣ್ಣನ ಕುತ್ತಿಗೆಯ ಬುಡಕ್ಕೆ ಇಳಿದಿತ್ತು. ರಕ್ತ ಅವಳ ಮುಖಕ್ಕೆ ಬಿಸಿಯಾಗಿ ಚಿಮ್ಮಿತು. ಮರುಕ್ಷಣ ಎರಡೂ ಕಡೆಯ ಕೋಲುಗಳು ಎದ್ದವು. ಒಂದು ಕೋಲು ಅವಳ ಎಡಹೆಗಲಿಗೆ ಬಿದ್ದು ಎಲುಬು ಲಟಕ್ಕೆಂದಿತು. ಮುದುಕನೊಬ್ಬನ ಬೆರಳುಗಳು ಮುರಿದವು. ಇನ್ನೊಬ್ಬನ ಕಣ್ಣಿನಿಂದ ರಕ್ತ ಸುರಿಯಿತು. ಬೇಲಿ ಮುರಿದು ಕುರಿಗಳು ಬಿದ್ದವರನ್ನು ತುಳಿಯುತ್ತ ರಸ್ತೆಗೆ ನುಗ್ಗಿದವು. ಪೊಲೀಸರು ಸಿಕ್ಕವರಿಗೆಲ್ಲ ಲಾಠಿ ಬೀಸಿದರು.

ಮಾರೆಣ್ಣನ ಹೆಂಡತಿ ಬಸವಕ್ಕ ಗಂಡನ ತಲೆಯನ್ನು ತೊಡೆಯಿಂದ ಕೆಳಗಿಳಿಸಿ ಎದ್ದಳು. ನೆಟ್ಟಗೆ ಭವಾನಿಯ ಬಳಿ ಬಂದು, ಜಡೆ ಹಿಡಿದು ನೆಲಕ್ಕೆಳೆದು, ಚಪ್ಪಲಿಯಿಂದ ಬಾಯಿ ಮೂಗಿನ ಮೇಲೆ ಹೊಡೆದಳು. "ನಿನ್ನ ಎದುರಿಗೇ ಬರೆಸಿದ್ವಲ್ಲೇ! ನಿನ್ನ ಕೈಲೇ ಬರದಿದ್ಯಲ್ಲೇ! ಎಲ್ಲಿ ಹೋತು? ಹೇಳೇ, ಎಲ್ಲಿ ಹೋತು?"

ಭವಾನಿ ಕೈ ಅಡ್ಡ ಹಿಡಿಯಲಿಲ್ಲ. ಮಾರೆಣ್ಣನ ಕಡೆಯವರು ಕಚೇರಿಗೆ ನುಗ್ಗಿ, ಕಂಪ್ಯೂಟರನ್ನು ಅಂಗಳಕ್ಕೆ ಎಸೆದು ಹಾರೆಯಿಂದ ಜಜ್ಜಿದರು.

ಕರ್ನೂಲಿನ ಆಸ್ಪತ್ರೆಗೆ ಒಯ್ಯುವಾಗ, ಎಮ್ಮಿಗನೂರು ದಾಟುವ ಮೊದಲೇ ಮಾರೆಣ್ಣ ಸತ್ತ.

ಹೆಗಲಿಗೆ ಪಟ್ಟಿ ಕಟ್ಟಿಸಿಕೊಂಡು ಮನೆಯಲ್ಲಿ ಮಲಗಿದ್ದ ಭವಾನಿಯ ಹತ್ತಿರ ಚಂದ್ರಣ್ಣ ಬಂದ. "ಪೊಲೀಸರ ಮುಂದ ಕರೆಂಟ್ ಹೋಗಿ ಹಂಗಾತು ಅಂತ ಬರೆಸು. ನಮ್ಮಿಬ್ಬರ ತಲೀಗೂ ಬರೂದಿಲ್ಲ" ಎಂದ. ಆಕೆ ಗೋಡೆಯ ಕಡೆ ಹೊರಳಿ, "ಕರೆಂಟ್ ಪ್ರಿಂಟ್ ಕೊಡ್ಲಿಲ್ಲಣ್ಣಾ. ನಾನು ಕೊಟ್ಟೆ. ನೀನು ಕೊಡಿಸ್ದಿ" ಎಂದಳು.

ಮುರಿದ ಕಂಪ್ಯೂಟರ್ ಪೊಲೀಸರ ವಶದಲ್ಲಿತ್ತು. ಡಬ್ಬಿ ನುಜ್ಜುಗುಜ್ಜಾಗಿದ್ದರೂ ಒಳಗಿನ ಹಾರ್ಡ್ ಡಿಸ್ಕ್ ಉಳಿದಿರಬಹುದೆಂದು ಆಕೆಯೇ ಠಾಣೆಗೆ ಹೋಗಿ ಹೇಳಿದಳು. ಎಸ್ಸೈ ಅದನ್ನು ಆದೋನಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ಲಕ್ಷ್ಮಿಕಾಂತನ ಮುಂದೆ ಬಿಚ್ಚಿಸಿದ. ಲಕ್ಷ್ಮಿಕಾಂತ ನೇರವಾಗಿ ರಿಪೇರಿಗೆ ಹಾಕಹೋದಾಗ ಭವಾನಿ ಒಳ್ಳೆಯ ಕೈಯಿಂದ ಅವನ ಮಣಿಕಟ್ಟು ಹಿಡಿದಳು. "ಮೊದ್ಲು ಕಾಪಿ ತೆಗೀರಿ. ಇದನ್ನ ಮುಟ್ಟಬ್ಯಾಡ್ರಿ. ಏನು ಮಾಡಿದ್ರೂ ಕಾಪಿ ಮ್ಯಾಲೆ."

ಕಾಪಿಯ ಮೇಲೆ ಪರೀಕ್ಷೆ ನಡೆಸಿದಾಗ ಗೊತ್ತಾಯಿತು: ಸಾಲುಗಳೆಲ್ಲ ಇದ್ದವು. ಮಾರಾಟದ ಸಾಲುಗಳೂ ಇದ್ದವು. ಕೆಟ್ಟಿದ್ದು ಸಾಲುಗಳನ್ನು ಹುಡುಕಿಕೊಡುವ ಸೂಚಿ ಮಾತ್ರ. ಅದನ್ನು ಹೊಸದಾಗಿ ಕಟ್ಟಿದ ಮೇಲೆ ಟೇಬಲ್ ತೆರೆಯಿತು. ಉರುಕುಂದಪ್ಪನ ಹೆಸರಿದ್ದಲ್ಲಿ ಮಾರೆಣ್ಣನ ಹೆಸರು ಬಂತು. ಕಟ್ಟಲು ಹಿಡಿದದ್ದು ಒಂದು ಚಹಾ ಕುಡಿಯುವ ಹೊತ್ತು.

ಠಾಣೆಯಲ್ಲಿ ಹೊಸ ಪಟ್ಟಿಯನ್ನು ಉರುಕುಂದಪ್ಪನಿಗೆ ಓದಿ ಹೇಳಿದರು. ಭವಾನಿ ಅವನ ಎದುರು ನಿಂತು, "ಮಾವಾ, ಮಾರಿದ್ದು ಹೌದಲ್ಲ?" ಎಂದಳು.

"ಹೌದವ್ವಾ. ನನ್ನವು ಎಲ್ಲಾ ಸತ್ತಿದ್ವು. ಹಾಳ್ಯಾಗ ನನ್ನ ಹೆಸರು ಬಂತು. ಒಂದು ಗಳಿಗಿ ಸುಮ್ಮನಿದ್ದೆ. ಒಂದೇ ಗಳಿಗಿ."

ಲಾಕಪ್ಪಿನಲ್ಲಿದ್ದ ರಾಮಾಂಜಿಗೆ ಅದು ಕೇಳಿಸಿತು. ಅವನು ಸರಳುಗಳಿಗೆ ಹಣೆ ಹೊಡೆದುಕೊಳ್ಳತೊಡಗಿದ. ಇಬ್ಬರು ಪೇದೆಗಳು ಹಿಡಿದರೂ ನಿಲ್ಲಲಿಲ್ಲ. ಹಣೆ ಸೀಳಿ ರಕ್ತ ಕಣ್ಣಿಗಿಳಿಯಿತು. ಅಪ್ಪನನ್ನು ಅವನು ಅವತ್ತಿನಿಂದ ಮಾತಾಡಿಸಿಲ್ಲ.

ಕೋರ್ಟಿನಲ್ಲಿ ಭವಾನಿ ನಡೆದದ್ದನ್ನು ನಡೆದ ಹಾಗೆಯೇ ಹೇಳಿದಳು. ಹಳೆಯದೆಂದು ಗೊತ್ತಿದ್ದೂ ಪಟ್ಟಿ ಕೊಟ್ಟೆ ಎಂದಳು. ರಾಮಾಂಜಿಗೆ ಶಿಕ್ಷೆಯಾಯಿತು. ಚಂದ್ರಣ್ಣ ರಾಜೀನಾಮೆ ಕೊಟ್ಟ. ಭವಾನಿಯನ್ನು ತೆಗೆಯಬೇಕೆಂದು ಸಂಘದಲ್ಲಿ ಕೂಗಾಡಿದರು; ಆದರೆ ಊರುಗೋಲು ಹಿಡಿದು ಬಂದಿದ್ದ ಆಂಜನೇಯ, "ಆಕೀನ ತೆಗದ್ರ, ಹೊಸದಾಗಿ ಬಂದಾಕಿ ಇದನ್ನೆಲ್ಲ ಮತ್ತ ಯಾರ ರಕ್ತದಾಗ ಕಲೀಬೇಕು?" ಎಂದ ಮೇಲೆ ಸುಮ್ಮನಾದರು. ಈಗ ಆಕೆ ದಿನಾ ಬ್ಯಾಕಪ್ ತೆಗೆಯುತ್ತಾಳೆ. ಅಷ್ಟಕ್ಕೇ ಬಿಡದೆ, ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಾಕಿ, ತೆರೆದು, ಅಂದು ಬರೆದ ಸಾಲುಗಳು ಬಂದಿವೆಯೇ ಎಂದು ಓದಿ ನೋಡಿದ ಮೇಲೆಯೇ ಬೀಗ ಹಾಕುತ್ತಾಳೆ.

ಮಳೆಗಾಲದಲ್ಲಿ ಬಸವಕ್ಕ ಮರಿಗಳನ್ನು ಹೊಡೆದುಕೊಂಡು ಬಂದಳು. ಒಂದು ಮರಿಯನ್ನು ಮೊಣಕಾಲ ನಡುವೆ ಅದುಮಿ, ಕಿವಿ ಬಿಡಿಸಿ ಹಿಡಿದಳು. ಭವಾನಿ ಬಿಲ್ಲೆ ಹಾಕಿದಳು. ಮರಿ ಅರಚಿತು.

"ಯಾರ ಹೆಸರಿಗೆ ಬರೀಲಕ್ಕಾ?"

"ನನ್ನ ಹೆಸರಿಗೆ. ಬರದು ಓದಿ ಹೇಳು."

ಭವಾನಿ ಓದಿದಳು.

"ಇನ್ನೊಮ್ಮೆ."

ಭವಾನಿ ಇನ್ನೊಮ್ಮೆ ಓದಿದಳು. ಬಸವಕ್ಕ ಮುಂದಿನ ಮರಿಯನ್ನು ಹಿಡಿದಳು.